ಸೂಜಿ ಕೆಳಗಿಳಿಯುವ ದಾರಿ

ಧಾರವಾಡದ ಕಡೆಯಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದರೆ ಉಣಕಲ್ ಕೆರೆ, ಉಣಕಲ್ ಊರು, ಉಣಕಲ್ ಕ್ರಾಸ್ ದಾಟಿದ ಮೇಲೆ ಕಿಮ್ಸ್ ನಿಲ್ದಾಣ ಸಿಗುತ್ತದೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಎಂದು ಶುರುವಾದ ಸಂಸ್ಥೆ ಇದು. ಬೋರ್ಡಿನ ಮೇಲಿನ ಹೆಸರು ಈಗ ಬದಲಾಗಿದ್ದರೂ ಊರಿನವರ ಬಾಯಲ್ಲಿ ಇನ್ನೂ ಕಿಮ್ಸ್. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡದಿಂದ ಕೊನೆಯ ಆಸೆ ಇಟ್ಟುಕೊಂಡು ಬರುವವರೆಲ್ಲ ಇಲ್ಲಿಗೇ ಬರುತ್ತಾರೆ. ಅದರ ಆಸುಪಾಸಿನಲ್ಲೇ, ವಿದ್ಯಾನಗರದಿಂದ ಉಣಕಲ್‌ವರೆಗೆ, ನರ್ಸಿಂಗ್ ಹೋಮು, ಲ್ಯಾಬು, ದಂತ ಕ್ಲಿನಿಕ್ಕುಗಳು ಹಬ್ಬಿವೆ. ಇಲ್ಲೆಲ್ಲ ಸೂಜಿ ಹಿಡಿಯುವವರು, ಸೂಜಿ ಎತ್ತಿಡುವವರು, ಸೂಜಿ ಬಿದ್ದ ನೆಲ ಒರೆಸುವವರು ಬಹಳ ಜನ. ರೋಗಿಯ ಸುರಕ್ಷತೆಯ ಬಗ್ಗೆ ನಾವು ಒಂದಿಷ್ಟಾದರೂ ಮಾತಾಡುತ್ತೇವೆ. ಈ ಜನರ ಸುರಕ್ಷತೆಯ ಮಾತು ಬರುವುದು ಯಾರಿಗಾದರೂ ಸೂಜಿ ಚುಚ್ಚಿದ ಮೇಲೆಯೇ, ಅದೂ ಪಿಸುಮಾತಿನಲ್ಲಿ.

ರಕ್ತದ ಮೂಲಕ ಹರಡಬಲ್ಲ ರೋಗಾಣುಗಳು ಇಪ್ಪತ್ತಕ್ಕೂ ಹೆಚ್ಚಿವೆ. ಆದರೆ ಆಸ್ಪತ್ರೆಯ ಕೆಲಸದಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವವು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಸೋಂಕಿರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಮೂರು. ಹೆಪಟೈಟಿಸ್ ಸಿ ತಗಲುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ಮಾತ್ರ, ಲಸಿಕೆ ಹಾಕಿಸಿಕೊಳ್ಳದವರಲ್ಲಿ, ನೂರಕ್ಕೆ ಆರರಿಂದ ಮೂವತ್ತು. ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದರ ಮೇಲೆ ಅದು ನಿಂತಿದೆ. ಅಂದರೆ ಎಚ್‌ಐವಿಗಿಂತ ನೂರು ಪಟ್ಟಿನವರೆಗೂ ಹೆಚ್ಚು. ಸಾಲದ್ದಕ್ಕೆ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಟ್ರಾಲಿಯ ಅಂಚಿಗೆ ಸೋಮವಾರ ಮೆತ್ತಿದ ಹನಿ ಶನಿವಾರಕ್ಕೂ ನಿರಪಾಯಕಾರಿಯಲ್ಲ. ಆದರೂ ವಾರ್ಡಿನಲ್ಲಿ ಭಯವೆಲ್ಲ ಎಚ್‌ಐವಿಯದ್ದೇ. ಹೆಪಟೈಟಿಸ್ ತರುವ ಕಾಮಾಲೆಯ ಹೆಸರು ಹೇಳಿದರೆ ‘ನಾಟಿ ಔಷಧ ತಗೊಂಡ್ರಾತು’ ಎನ್ನುವವರು ಆಸ್ಪತ್ರೆಯೊಳಗೂ ಇದ್ದಾರೆ. ಈ ತಲೆಕೆಳಗಾದ ಭಯವೇ ನಮ್ಮ ಅರ್ಧ ಸಮಸ್ಯೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ, 55 ಲಕ್ಷ ಜನ ಹೆಪಟೈಟಿಸ್ ಸಿ ಸೋಂಕಿನೊಂದಿಗೆ ಬದುಕುತ್ತಿದ್ದರು. ನೂರಕ್ಕೆ ಸುಮಾರು ಇಬ್ಬರು. ಐವತ್ತು ಹಾಸಿಗೆಯ ಒಂದು ವಾರ್ಡಿನಲ್ಲಿ ಸರಾಸರಿ ಒಬ್ಬರು ಎಂದಾಯಿತು, ಆ ಒಬ್ಬರಿಗೆ ಬಹುತೇಕ ತಮ್ಮ ಸೋಂಕಿನ ಸುದ್ದಿಯೇ ಗೊತ್ತಿರುವುದಿಲ್ಲ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 30 ಲಕ್ಷ ಆರೋಗ್ಯ ಕಾರ್ಯಕರ್ತರು ಸೂಜಿ, ಬ್ಲೇಡುಗಳಿಂದ ಗಾಯವಾಗಿ ಇಂಥ ರಕ್ತಕ್ಕೆ ಒಡ್ಡಿಕೊಳ್ಳುತ್ತಾರೆ ಎಂದು ಇದೇ ಸಂಸ್ಥೆ 2002ರಲ್ಲಿ ಅಂದಾಜು ಮಾಡಿತ್ತು. ಅಂದಾಜು ಹಳೆಯದು, ನಿಜ. ಅದಕ್ಕಿಂತ ನಂಬಿಕೆಯ ಹೊಸ ಲೆಕ್ಕ ಸಿಗದಿರುವುದಕ್ಕೆ ಕಾರಣವೂ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ಒಂದು ಕಾಲಕ್ಕೆ ವೈದ್ಯರೂ ಹೆಪಟೈಟಿಸ್ ಬಿಯಿಂದ ಸಾಯುತ್ತಿದ್ದರು. 1969-70ರಲ್ಲಿ ಎಡಿನ್‌ಬರೋದ ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಹಬ್ಬಿ 11 ಮಂದಿ ತೀರಿಕೊಂಡರು. ಅವರಲ್ಲಿ ನಾಲ್ವರು ಅಲ್ಲಿಯ ಸಿಬ್ಬಂದಿ, ಶಸ್ತ್ರಚಿಕಿತ್ಸಕರೂ ಸೇರಿ. ಲಸಿಕೆ ಬಂದದ್ದು 1981ರಲ್ಲಿ. ಮೊದಲಿನದನ್ನು ಸೋಂಕಿತರ ರಕ್ತದ ಪ್ಲಾಸ್ಮಾದಿಂದಲೇ ತಯಾರಿಸುತ್ತಿದ್ದರು, 1986ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ ಲಸಿಕೆ ಬಂತು. ನಮ್ಮಲ್ಲಿ ಅದು ಶ್ರೀಮಂತರ ಲಸಿಕೆಯಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ತನ್ನದೇ ಲಸಿಕೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಬೆಲೆ ಕುಸಿಯಿತು. ಇಂದು ಮೂರು ಡೋಸಿನ ಖರ್ಚು ಯಾವ ನರ್ಸಿಂಗ್ ಹೋಮಿಗೂ ಭಾರವಲ್ಲ.

ಆದರೆ ಲಸಿಕೆ ಅಗ್ಗವಾದ ಮಾತ್ರಕ್ಕೆ ತೋಳಿಗೆ ಇಳಿಯುವುದಿಲ್ಲ. ಅಮೆರಿಕದಲ್ಲಿ 1983ರಲ್ಲಿ ಸುಮಾರು 17,000 ಆರೋಗ್ಯ ಕಾರ್ಯಕರ್ತರಿಗೆ ಹೆಪಟೈಟಿಸ್ ಬಿ ತಗಲಿತ್ತೆಂದು ಅಂದಾಜು. 1995ರ ಹೊತ್ತಿಗೆ ಅದು 400ಕ್ಕೆ ಇಳಿಯಿತು. ನಡುವೆ ಲಸಿಕೆ ಬಂತು, ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿರಬಹುದೆಂದೇ ಭಾವಿಸಿ ಕೆಲಸ ಮಾಡುವ ಪದ್ಧತಿ ಬಂತು. 1991ರಲ್ಲಿ ಲಸಿಕೆಯನ್ನು ಮಾಲೀಕನೇ ತನ್ನ ಖರ್ಚಿನಲ್ಲಿ ಕೊಡಬೇಕು ಎಂಬ ಕಾನೂನೂ ಬಂತು. ನನ್ನ ಮಟ್ಟಿಗೆ ಮೂರರಲ್ಲಿ ಕೊನೆಯದೇ ದೊಡ್ಡದು. ‘ಹಾಕಿಸಿಕೊಳ್ಳಿ’ ಎಂದು ನರ್ಸಿಗೆ ಬುದ್ಧಿ ಹೇಳುವುದಕ್ಕೂ ‘ಹಾಕಿಸು’ ಎಂದು ಮಾಲೀಕನ ಕೊರಳಿಗೆ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಾನೂನಿನ ಮಟ್ಟಿಗೆ ನಾವೂ ಹಿಂದುಳಿದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ ಓದಿದರೆ ಸ್ಪಷ್ಟವಾಗಿಯೇ ಇದೆ: ಆಸ್ಪತ್ರೆ ನಡೆಸುವವರು ತಮ್ಮ ಎಲ್ಲ ಆರೋಗ್ಯ ಕಾರ್ಯಕರ್ತರಿಗೂ, ತ್ಯಾಜ್ಯ ಮುಟ್ಟುವ ಇತರರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು, ತರಬೇತಿ ಕೊಡಬೇಕು. ನೂರಾರು ಹಾಸಿಗೆಯ ಆಸ್ಪತ್ರೆಗೂ ಒಂದೇ ಕೋಣೆಯ ಕ್ಲಿನಿಕ್ಕಿಗೂ ಇದು ಅನ್ವಯ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 19ನೇ ಕಲಮು ರಕ್ಷಣಾ ಸಾಮಗ್ರಿ, ತರಬೇತಿ, ಸೂಜಿ ಚುಚ್ಚಿದ ಮೇಲಿನ ಔಷಧ ಮೂರನ್ನೂ ಸಂಸ್ಥೆಯ ಹೊಣೆ ಮಾಡಿದೆ. ಅದೇ 2018ರ ಜುಲೈ 28ರಂದು ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೂ ಶುರುವಾಯಿತು.

ಹಾಗಿದ್ದರೆ ತೊಡಕೆಲ್ಲಿ? ಒಂದು ಸೂಜಿಯ ಬೆನ್ನು ಹತ್ತಿ ಹೋದರೆ ಗೊತ್ತಾಗುತ್ತದೆ. ಡಾಕ್ಟರು ಅಥವಾ ಸಿಸ್ಟರ್ ಅದನ್ನು ಬಳಸುತ್ತಾರೆ. ಟ್ರೇಯಲ್ಲಿ ಬಿಟ್ಟದ್ದನ್ನು ಆಯಾ ಎತ್ತುತ್ತಾಳೆ. ಹೌಸ್‌ಕೀಪಿಂಗ್ ಹುಡುಗ ಚೀಲ ಕಟ್ಟಿ ಕೆಳಗಿನ ಕೋಣೆಗೆ ಒಯ್ಯುತ್ತಾನೆ. ತ್ಯಾಜ್ಯದ ಗಾಡಿಯವನು ಅದನ್ನು ಹೇರುತ್ತಾನೆ. ತಪ್ಪಿ ಸಾದಾ ಕಸಕ್ಕೆ ಬಿದ್ದದ್ದು ಪೌರಕಾರ್ಮಿಕಳ ಕೈಗೆ ಹೋಗುತ್ತದೆ. ಸೂಜಿ ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಹಿಡಿಯುವವರ ಸಂಬಳ ಕಡಿಮೆ, ತಿಳಿವಳಿಕೆ ಕಡಿಮೆ, ಗ್ಲೌಸ್ ತೆಳು ಅಥವಾ ಇಲ್ಲವೇ ಇಲ್ಲ, ಲಸಿಕೆಯ ದಾಖಲೆಯಂತೂ ಕೇಳಲೇಬೇಡಿ. ಎಂಬಿಬಿಎಸ್ ವಿದ್ಯಾರ್ಥಿಗೆ ಮೂರೂ ಡೋಸ್ ಆಗಿರುತ್ತದೆ. ಗುತ್ತಿಗೆಯ ಆಯಾ ಮೊದಲ ಡೋಸ್ ತೆಗೆದುಕೊಂಡಿರಬಹುದು. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಅಷ್ಟರಲ್ಲಿ ಗುತ್ತಿಗೆದಾರ ಬದಲಾಗಿರುತ್ತಾನೆ, ಇಲ್ಲವೇ ಆಕೆಯೇ ಇನ್ನೊಂದು ಆಸ್ಪತ್ರೆ ಸೇರಿರುತ್ತಾಳೆ. ‘ಅವರು ಏಜೆನ್ಸಿಯವರು, ನಮ್ಮ ಸ್ಟಾಫ್ ಅಲ್ರಿ’ ಎಂಬ ಉತ್ತರ ಎಲ್ಲ ಕಡೆ ಸಿದ್ಧವಾಗಿರುತ್ತದೆ. ನಿಯಮದಲ್ಲಿ ಈ ಉತ್ತರಕ್ಕೆ ಜಾಗವಿಲ್ಲ. ಹೊಣೆ ಆಸ್ಪತ್ರೆ ನಡೆಸುವವರದು, ಮಸ್ಟರ್ ರೋಲ್ ಯಾರದೇ ಇರಲಿ.

ಗುತ್ತಿಗೆಯವರಿಗೂ ಲಸಿಕೆ ಹಾಕಿಸುವುದು ಆಗದ ಮಾತು ಎನ್ನುವವರಿಗೆ 2021ರ ಜನವರಿ 16 ನೆನಪಿಸಬೇಕು. ಕೋವಿಡ್ ಲಸಿಕೆ ಆ ದಿನ ಶುರುವಾಯಿತು; ದೆಹಲಿಯ ಏಮ್ಸ್‌ನಲ್ಲಿ ಮೊದಲ ಲಸಿಕೆ ಸಿಕ್ಕಿದ್ದು ಒಬ್ಬ ಸ್ವಚ್ಛತಾ ಕಾರ್ಮಿಕನಿಗೆ. ದೇಶದ ಆಸ್ಪತ್ರೆಗಳೆಲ್ಲ ಗ್ರೂಪ್ ಡಿ, ಹೊರಗುತ್ತಿಗೆ, ಡ್ರೈವರು ಎನ್ನದೆ ಹೆಸರು ಬರೆದುಕೊಂಡವು, ಎರಡನೇ ಡೋಸಿನ ದಿನ ಮೊಬೈಲಿಗೆ ಮೆಸೇಜ್ ಬಂತು. ಹೆಪಟೈಟಿಸ್ ಬಿಗೆ ಬೇಕಾದದ್ದು ಅಂಥದ್ದೇ ಒಂದು ಪಟ್ಟಿ. ಕೆಲಸಗಾರ ಆಸ್ಪತ್ರೆ ಬಿಟ್ಟರೂ ಅವನ ಜೊತೆ ಹೋಗುವ ಒಂದು ದಾಖಲೆ. ತಂತ್ರಜ್ಞಾನವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ, ಮನಸ್ಸು ಮಾಡಬೇಕು.

ಲಸಿಕೆಯ ವಿಷಯದಲ್ಲಿ ಇನ್ನೊಂದು ಸಣ್ಣ ಮಾತು. ಮೂರು ಡೋಸ್ ಹಾಕಿಸಿಕೊಂಡ ವಯಸ್ಕರಲ್ಲೂ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಸಾಕಷ್ಟು ರಕ್ಷಣೆ ಹುಟ್ಟುವುದಿಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಅಳೆದರೆ ಅದು ಗೊತ್ತಾಗುತ್ತದೆ. ಮಿಲಿಲೀಟರಿಗೆ 10 ಮಿಲಿಯೂನಿಟ್ ದಾಟಿದ್ದರೆ ನಿಶ್ಚಿಂತೆ. ಈ ಪರೀಕ್ಷೆಯನ್ನು ನಮ್ಮಲ್ಲಿ ಮಾಡಿಸುವವರು ವಿರಳ. ಹೊಸ ನರ್ಸಿಂಗ್ ವಿದ್ಯಾರ್ಥಿಗಳ ಸಂಗತಿ ಬೇರೆ. ಶಿಶುಗಳ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ 2011ರ ಹೊತ್ತಿಗೆ ದೇಶಕ್ಕೆಲ್ಲ ಬಂತು, ಕರ್ನಾಟಕಕ್ಕೆ ಅದಕ್ಕೂ ಕೆಲವು ವರ್ಷ ಮೊದಲೇ. ತೊಟ್ಟಿಲಲ್ಲಿದ್ದಾಗಲೇ ಲಸಿಕೆ ಪಡೆದ ತಲೆಮಾರು ಈಗಷ್ಟೇ ಕಾಲೇಜಿನ ಬಾಗಿಲಿಗೆ ಬರುತ್ತಿದೆ. ಅವರ ತಾಯಿ ಕಾರ್ಡು ಮನೆಯ ಟ್ರಂಕಿನಲ್ಲಿದ್ದರೆ ಪ್ರವೇಶದ ಕಾಗದಪತ್ರದ ಜೊತೆ ಅದನ್ನೂ ಕೇಳಬೇಕು.

ಇನ್ನು ಸೂಜಿ ಚುಚ್ಚುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ. ರಾತ್ರಿ ಪಾಳಿ, ಬೆಳಗಿನ ಜಾವ ಮೂರು ಗಂಟೆ. ನಲವತ್ತು ರೋಗಿಗಳಿಗೆ ಇಬ್ಬರು ಸಿಸ್ಟರ್. ಜ್ವರದ ಮುದುಕನಿಗೆ ಸಲಾಯನ್ ಹಚ್ಚಬೇಕು, ಅವನಿಗೆ ನರ ಸಿಗುತ್ತಿಲ್ಲ, ಕೈ ಕೊಸರುತ್ತಾನೆ. ಮಗ ಟಾರ್ಚ್ ಹಿಡಿದಿದ್ದಾನೆ. ಕ್ಯಾನುಲಾ ಒಳಗೆ ಹೋಯಿತು, ಒಳಗಿನ ಉಕ್ಕಿನ ಸೂಜಿ ಹೊರಗೆ ಬಂತು, ಎಡಗೈ ಕ್ಯಾನುಲಾ ಒತ್ತಿ ಹಿಡಿದಿದೆ. ಬಲಗೈಯಲ್ಲಿ ರಕ್ತ ಮೆತ್ತಿದ ಸೂಜಿ. ಅದನ್ನು ಹಾಕುವ ಬಿಳಿ ಡಬ್ಬಿ ಎಲ್ಲಿದೆ? ವಾರ್ಡಿನ ಆ ತುದಿಯಲ್ಲಿ, ಸಿಂಕಿನ ಪಕ್ಕ. ಸಿಸ್ಟರ್ ಸೂಜಿಯನ್ನು ಹಾಸಿಗೆಯ ಅಂಚಿಗೆ ಇಡುತ್ತಾಳೆ, ಪ್ಲಾಸ್ಟರ್ ಅಂಟಿಸುತ್ತಾಳೆ, ಆಮೇಲೆ ಹಾಸಿಗೆ ಕೊಡವುವಾಗ ಅಂಗೈಗೆ ಚುರ್ ಎನ್ನುತ್ತದೆ. ಇದರಲ್ಲಿ ಅಜಾಗರೂಕತೆ ಎಷ್ಟು, ಡಬ್ಬಿ ಇಟ್ಟ ಜಾಗದ ತಪ್ಪು ಎಷ್ಟು?

ಬಳಸಿದ ಸೂಜಿಗೆ ಮತ್ತೆ ಟೋಪಿ ಹಾಕಬೇಡಿ ಎಂಬುದು ಎಲ್ಲರಿಗೂ ಕಲಿಸುವ ಮೊದಲ ಪಾಠ. ಆದರೂ ಟೋಪಿ ಹಾಕುತ್ತಾರೆ, ಯಾಕೆಂದರೆ ಬರಿ ಸೂಜಿ ಹಿಡಿದು ಇಪ್ಪತ್ತು ಹೆಜ್ಜೆ ನಡೆಯುವುದು ಅದಕ್ಕಿಂತ ಅಪಾಯ ಎಂದು ಅವರಿಗೆ ಅನುಭವದಿಂದ ಗೊತ್ತು. ಟೋಪಿಯನ್ನು ಮೇಜಿನ ಮೇಲಿಟ್ಟು ಒಂದೇ ಕೈಯಿಂದ ಗೋರಿಕೊಳ್ಳುವ ಉಪಾಯವಿದೆ, ಅದು ಕೊನೆಯ ದಾರಿ. ಮೊದಲ ದಾರಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯನ್ನು ಹಾಸಿಗೆಯ ಬಳಿಗೇ, ಟ್ರಾಲಿಯ ಮೇಲೆ ಒಯ್ಯುವುದು. ಮುಕ್ಕಾಲು ತುಂಬಿದಾಗ ಬದಲಿಸುವುದು. ಬಳಸಿದ ತಕ್ಷಣ ಸೂಜಿ ತಾನೇ ಒಳಗೆ ಸರಿಯುವ ಸಿರಿಂಜುಗಳು ಬಂದು ದಶಕಗಳಾದವು. ಅಮೆರಿಕ 2000ದಲ್ಲಿ ಕಾನೂನು ಮಾಡಿ ಅವನ್ನು ಆಸ್ಪತ್ರೆಗಳ ಮೇಲೆ ಹೇರಿತು. ನಮ್ಮಲ್ಲಿ ಮಕ್ಕಳ ಲಸಿಕೆಗೆ ಒಮ್ಮೆ ಬಳಸಿದರೆ ಲಾಕ್ ಆಗುವ ಸಿರಿಂಜು ಬಂದಿದೆ. ಆದರೆ ಅದು ಮರುಬಳಕೆಯನ್ನು ತಪ್ಪಿಸಿ ಮಗುವನ್ನು ಕಾಯುತ್ತದೆಯೇ ಹೊರತು ಸೂಜಿ ಹಿಡಿದವಳ ಬೆರಳನ್ನಲ್ಲ. ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಸೂಜಿಯ ಮೇಲ್ಮೈ ರಕ್ತದ ಒಂದಷ್ಟು ಪಾಲನ್ನು ಒರೆಸಿಬಿಡುತ್ತದೆ, ಅದೇ ಅದರ ಲಾಭ. ಕಡಿಮೆ ಲಾಭವೇನಲ್ಲ.

ಸೂಜಿಯೇ ಇಲ್ಲದಿದ್ದರೆ ಚುಚ್ಚುವುದೂ ಇಲ್ಲ ಎಂಬ ಸರಳ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ‘ಗುಳಿಗಿ ಬ್ಯಾಡ್ರಿ ಸಾಹೇಬ್ರ, ಒಂದ್ ಸೂಜಿ ಮಾಡ್ರಿ’ ಎಂದು ಕೇಳಿ ಪಡೆಯುವವರು ಹಳ್ಳಿಯಲ್ಲಷ್ಟೇ ಅಲ್ಲ, ಉಣಕಲ್‌ನ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಮಾಡದಿದ್ದರೆ ರೋಗಿ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾನೆಂಬ ಅಂಜಿಕೆ ಡಾಕ್ಟರಿಗೆ. ಎರಡು ದಶಕಗಳ ಹಿಂದೆ ದೇಶದಾದ್ಯಂತ ನಡೆದ ಇನ್‌ಕ್ಲೆನ್ ಅಧ್ಯಯನ, ಕೊಡುವ ಇಂಜೆಕ್ಷನ್‌ಗಳಲ್ಲಿ ಮೂರಕ್ಕೆ ಸುಮಾರು ಎರಡು ಅಸುರಕ್ಷಿತ ಎಂದು ಕಂಡಿತ್ತು. ಗುಳಿಗೆಯಲ್ಲಿ ಮುಗಿಯುವ ಕಾಯಿಲೆಗೆ ಮಾಡಿದ ಪ್ರತಿ ಇಂಜೆಕ್ಷನ್ನೂ ಸುಮ್ಮನೆ ಒಬ್ಬ ಆಯಾಳ ದಾರಿಗೆ ಎಸೆದ ಮುಳ್ಳು.

ಚುಚ್ಚಿತು ಎಂದಿಟ್ಟುಕೊಳ್ಳಿ. ಮಾಡಬೇಕಾದದ್ದು ಬಹಳ ಸರಳ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿಟ್ಟು ಚೀಪಬಾರದು, ಬ್ಲೀಚಿಂಗ್ ನೀರಿನಲ್ಲಿ ಅದ್ದಬಾರದು. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು. ಹೆರಿಗೆ ವಾರ್ಡಿನಲ್ಲಿ ಸೂಜಿಗಿಂತ ಈ ಸಿಡಿತವೇ ಹೆಚ್ಚಾದರೂ ಕನ್ನಡಕ ಹಾಕಿ ಹೆರಿಗೆ ಮಾಡಿಸುವವರನ್ನು ಕಾಣುವುದು ಅಪರೂಪ. ತೊಳೆದಾದ ಮೇಲೆ ಗಡಿಯಾರ ನೋಡಬೇಕು. ಎಚ್‌ಐವಿ ತಡೆಯುವ ಗುಳಿಗೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಹೋದರೆ ಉತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ. 28 ದಿನ ತಪ್ಪದೆ ನುಂಗಬೇಕು. ಲಸಿಕೆ ಆಗಿರದವರಿಗೆ, ರೋಗಿಗೆ ಹೆಪಟೈಟಿಸ್ ಬಿ ಇದ್ದರೆ, ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಸಾಧ್ಯವಾದರೆ 24 ಗಂಟೆಯೊಳಗೆ ಬೀಳಬೇಕು, ಜೊತೆಗೇ ಲಸಿಕೆಯೂ. ಇಮ್ಯುನೊಗ್ಲೋಬ್ಯುಲಿನ್ ಬೆಲೆ ಸಾವಿರಾರು ರೂಪಾಯಿ. ಮೊದಲೇ ಲಸಿಕೆ ಹಾಕಿಸಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ. ಹೆಪಟೈಟಿಸ್ ಸಿಗೆ ಮುಂಜಾಗ್ರತೆಯ ಔಷಧವಿಲ್ಲ. ಆದರೆ ತಗಲಿದರೂ 12 ವಾರದ ಗುಳಿಗೆಯಿಂದ ನೂರಕ್ಕೆ 95 ಮಂದಿ ಪೂರ್ತಿ ಗುಣವಾಗುತ್ತಾರೆ, ಸರ್ಕಾರಿ ಕಾರ್ಯಕ್ರಮದಲ್ಲಿ ಅದು ಉಚಿತ.

ಎಚ್‌ಐವಿ ಗುಳಿಗೆಯ ಫಲ ಚಿಕ್ಕದಲ್ಲ. 1997ರಲ್ಲಿ ಪ್ರಕಟವಾದ ಅಧ್ಯಯನ ಜಿಡೋವುಡಿನ್ ಒಂದರಿಂದಲೇ ಅಪಾಯ 81 ಪ್ರತಿಶತ ಇಳಿಯುತ್ತದೆಂದು ಕಂಡಿತ್ತು. ಅಮೆರಿಕದಲ್ಲಿ 1985ರಿಂದ 2013ರವರೆಗೆ ಕೆಲಸದಿಂದಲೇ ಎಚ್‌ಐವಿ ತಗಲಿದ್ದು ಖಚಿತವಾದ ಆರೋಗ್ಯ ಕಾರ್ಯಕರ್ತರು 58. 1999ರ ನಂತರ ಒಬ್ಬರೇ ಒಬ್ಬರು. ಅಷ್ಟರ ಮಟ್ಟಿಗೆ ಈ ಯುದ್ಧ ಗೆದ್ದಂತೆಯೇ.

ಗುಳಿಗೆ ಇದೆ, ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರ ಇದೆ, ಆದರೆ ಬಹಳ ಜನ ಅಲ್ಲಿಯವರೆಗೆ ಬರುವುದೇ ಇಲ್ಲ. ‘ಸಣ್ಣ ಸೂಜಿ ರೀ, ಏನೂ ಆಗಂಗಿಲ್ಲ’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹೇಳಿದರೆ ಮೇಡಂ ಬೈಯುತ್ತಾರೆ, ‘ನೋಡ್ಕೊಂಡ್ ಮಾಡಾಕ್ ಬರೂದಿಲ್ಲೇನು’ ಎನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದ್ದು ಗೊತ್ತಾದರೆ ಮದುವೆ ಮಾತುಕತೆ ನಡೆದಿರುವ ಹುಡುಗಿಗೆ ಅದೊಂದು ತಲೆನೋವು. ಗುತ್ತಿಗೆಯವಳಿಗೆ ನಾಳೆ ಬರಬೇಡ ಎಂದಾರೆಂಬ ಅಂಜಿಕೆ. ರಾತ್ರಿ ಯಾರನ್ನು ಕೇಳಬೇಕು ಎಂಬುದೂ ಗೊತ್ತಿಲ್ಲ. ಅದಕ್ಕೇ ಮೊದಲ ಡೋಸ್ ಕ್ಯಾಶುವಾಲ್ಟಿಯಲ್ಲೇ ಇರಬೇಕು, ಬೀಗದ ಕೈ ಡ್ಯೂಟಿಯಲ್ಲಿರುವವರ ಬಳಿ ಇರಬೇಕು. ಸಣ್ಣ ನರ್ಸಿಂಗ್ ಹೋಮುಗಳು ಹತ್ತಿರದ ಸರ್ಕಾರಿ ಎಆರ್‌ಟಿ ಕೇಂದ್ರದ ಫೋನ್ ನಂಬರನ್ನು ಗೋಡೆಗೆ ಅಂಟಿಸಿದರೂ ದೊಡ್ಡ ಉಪಕಾರ. ಲೆಕ್ಕ ಸಿಗುವುದಿಲ್ಲ ಎಂದೆನಲ್ಲ, ಕಾರಣ ಇದೇ: ಚುಚ್ಚಿದ್ದರಲ್ಲಿ ಬಹುಪಾಲು ಕಾಗದಕ್ಕೆ ಬರುವುದೇ ಇಲ್ಲ.

ಇನ್ನೊಂದು ತಪ್ಪು ದಾರಿಯನ್ನೂ ಹೇಳಬೇಕು. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಎಚ್‌ಐವಿ ಟೆಸ್ಟ್ ಮಾಡಿಸಿ, ಪಾಸಿಟಿವ್ ಬಂದವರ ಕೇಸ್‌ಶೀಟಿಗೆ ಗುರುತು ಹಾಕಿ, ಅವರಿಗೆ ಮಾತ್ರ ಡಬಲ್ ಗ್ಲೌಸ್, ಕೆಲವು ಕಡೆ ಬೇರೆಡೆಗೆ ಸಾಗಹಾಕುವುದು. ಒಪ್ಪಿಗೆಯಿಲ್ಲದ ಪರೀಕ್ಷೆ, ತಾರತಮ್ಯ ಎರಡೂ 2017ರ ಕಾಯ್ದೆಗೆ ವಿರುದ್ಧ. ಅದಿರಲಿ, ಇದರಿಂದ ರಕ್ಷಣೆಯೂ ಇಲ್ಲ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ನೆಗೆಟಿವ್ ತೋರಿಸುತ್ತದೆ, ರಕ್ತದಲ್ಲಿ ವೈರಸ್ ಹೆಚ್ಚಿರುವುದು ಆಗಲೇ. ತಪ್ಪದೆ ಎಆರ್‌ಟಿ ನುಂಗುವ ರೋಗಿಯ ರಕ್ತದಲ್ಲಿ ವೈರಸ್ ಅಳತೆಗೂ ಸಿಗದಷ್ಟು ಇಳಿದಿರುತ್ತದೆ. ಗುರುತು ಹಾಕಿದವನಿಗಿಂತ ಗುರುತಿಲ್ಲದವನೇ ಹೆಚ್ಚು ಅಪಾಯಕಾರಿ ಆಗಿರಬಹುದು.

ಆಸ್ಪತ್ರೆಯ ಗೋಡೆಯಾಚೆಗೂ ಸೂಜಿ ಹೋಗುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತಾಗ, ಬಳಸಿದ ಸಿರಿಂಜುಗಳ ಮರುಬಳಕೆ ಬಯಲಾಯಿತು. ಅವನ್ನು ಆರಿಸಿ ಕಟ್ಟಿ ಮಾರುವ ಒಂದು ಸಾಲೇ ಇತ್ತು. ಈಗ ಮನೆಮನೆಯಲ್ಲಿ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಮೂರು ಇನ್ಸುಲಿನ್ ಸೂಜಿಗಳು. ಪಾಲಿಕೆಯ ಕಸದ ಗಾಡಿ ಬೆಳಿಗ್ಗೆ ಹಾಡು ಹಾಕಿಕೊಂಡು ಬಂದಾಗ ಅವೂ ಒಣಕಸದ ಚೀಲದಲ್ಲಿ ಹೋಗುತ್ತವೆ. ಅದನ್ನು ಬೇರ್ಪಡಿಸುವ ಹೆಂಗಸು ಕಾಗದದ ಮೇಲೆ ಆರೋಗ್ಯ ಕಾರ್ಯಕರ್ತೆಯಲ್ಲ. ಆಸ್ಪತ್ರೆಯ ಲಸಿಕೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅವಳು ಅದರಲ್ಲಿ ಬರುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಸೂಜಿ ಹಾಕಿ ಮುಚ್ಚಳ ಬಿಗಿದು ಬೇರೆಯಾಗಿ ಕೊಡುವುದನ್ನು ಪ್ರತಿ ಮೆಡಿಕಲ್ ಶಾಪ್ ಇನ್ಸುಲಿನ್ ಮಾರುವಾಗಲೇ ಹೇಳಬಹುದು. ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ.

ತ್ಯಾಜ್ಯ ನಿಯಮದ ಪ್ರಕಾರ ಪ್ರತಿ ಆಸ್ಪತ್ರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ವರದಿ ಕೊಡಬೇಕು. ಅದರಲ್ಲಿ ಆ ವರ್ಷದ ಅಪಘಾತಗಳು, ಗಾಯಗೊಂಡವರು, ತರಬೇತಿ ಆಗದೇ ಉಳಿದವರು, ಇದಕ್ಕೆಲ್ಲ ಅಂಕಣಗಳಿವೆ. ಅಪಘಾತದ ಅಂಕಣದಲ್ಲಿ ಸೊನ್ನೆ ಬರೆದ ದೊಡ್ಡ ಆಸ್ಪತ್ರೆಯ ವರದಿ ಕಂಡರೆ ನನಗೆ ಸಮಾಧಾನವಾಗುವುದಿಲ್ಲ, ಅನುಮಾನ ಬರುತ್ತದೆ. ನೂರಾರು ಹಾಸಿಗೆಯಿದ್ದೂ ವರ್ಷವಿಡೀ ಒಬ್ಬರಿಗೂ ಚುಚ್ಚಿಲ್ಲ ಎಂದರೆ ಒಬ್ಬರೂ ಹೇಳಿಲ್ಲ ಎಂದರ್ಥ. ಹೆಚ್ಚು ವರದಿ ಮಾಡಿದ ಆಸ್ಪತ್ರೆಗೆ ಶಾಭಾಸ್ ಎನ್ನುವ ಅಧಿಕಾರಿ ಬಂದರೆ ಈ ಅಂಕಿ ತಾನಾಗಿ ಬದಲಾದೀತು.

ವರದಿ ಮಾಡದಿದ್ದರೆ ಕೆಲಸಗಾರನ ಜೇಬಿಗೂ ನಷ್ಟ, ಇದು ಯಾರಿಗೂ ತಿಳಿದಂತಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿ ಔದ್ಯೋಗಿಕ ರೋಗಗಳ ಪಟ್ಟಿಯಾಗಿತ್ತು. ಅದರ ಮೊದಲ ಸಾಲೇ ಸೋಂಕು ರೋಗಗಳದ್ದು, ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸ ಅಲ್ಲಿ ಹೆಸರಿಟ್ಟೇ ಇತ್ತು. ಇಎಸ್‌ಐ ಕಾಯ್ದೆಯಲ್ಲೂ ಅದೇ ಪಟ್ಟಿ ಇತ್ತು, ಅವುಗಳ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಪಟ್ಟಿಯ ಈ ಮೊದಲ ಭಾಗದ ರೋಗಕ್ಕೆ ಇಷ್ಟು ತಿಂಗಳು ಕೆಲಸ ಮಾಡಿರಲೇಬೇಕೆಂಬ ಷರತ್ತೂ ಇಲ್ಲ. ಸೋಂಕು ಕೆಲಸದಿಂದಲೇ ಬಂತೆಂದು ಕಾನೂನು ಭಾವಿಸುತ್ತದೆ, ಆದರೆ ಅಲ್ಲವೆಂದು ಮಾಲೀಕ ಸಾಧಿಸಬಹುದು. ಚುಚ್ಚಿದ ದಿನವೇ ತೆಗೆದ ರಕ್ತ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರಕ್ಕೂ ನೆಗೆಟಿವ್ ಇದ್ದು, ಆರು ವಾರ, ಮೂರು ತಿಂಗಳು, ಆರು ತಿಂಗಳಿನ ಪರೀಕ್ಷೆಯಲ್ಲಿ ಯಾವುದಾದರೂ ಪಾಸಿಟಿವ್ ಬಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಚುಚ್ಚಿದ ದಿನದ ಆ ಒಂದು ಚೀಟಿ, ಅಪಘಾತದ ರಿಜಿಸ್ಟರಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ‘ನಿನಗೆ ಮೊದಲೇ ಇತ್ತು’ ಎಂದು ಮಾಲೀಕ ಅನ್ನುತ್ತಾನೆ, ಆಗ ವಕೀಲನಿಗೂ ಉತ್ತರ ಹೊಳೆಯುವುದಿಲ್ಲ.